ತಟ್ಟೆಯಲ್ಲಿಟ್ಟ ಕರಡಿಗೆ

ನನ್ನದು ಹುಟ್ಟಿನಿಂದ ಅನುಮಾನದ ಬುದ್ಧಿ. ಮಾನ್ವಿಯಲ್ಲಿ ನಮ್ಮವ್ವ ಸಂತೆಯಲ್ಲಿ ಬದನೆಕಾಯಿ ತೂಗಿಸಿಕೊಂಡ ಮೇಲೆ ಇನ್ನೊಂದು ಅಂಗಡಿಯ ತಕ್ಕಡಿಗೆ ಹಾಕಿ ನೋಡುತ್ತಿದ್ದಳು. ಆ ಗುಣ ನನಗೆ ಅವಳ ಹಾಲಿನ ಜೊತೆಗೇ ಬಂದದ್ದು. ಯಾರಾದರೂ ನಕ್ಕರೆ ಯಾಕೆ ನಕ್ಕರು ಅಂತ ಯೋಚನೆ, ನಗದಿದ್ದರೆ ಯಾಕೆ ನಗಲಿಲ್ಲ ಅಂತ ಯೋಚನೆ. ನನ್ನ ಗಂಡ ಇದಕ್ಕೆ ಪೊಲೀಸ್ ಖಾತೆಯ ಬುದ್ಧಿ ಅಂತ ಹೆಸರಿಟ್ಟಿದ್ದರು. ಇಡಲಿ, ಅವರ ಬಾಯಿಗೇನು ನಾನು ಬೀಗ ಹಾಕಲಿಕ್ಕಾಗುತ್ತದೆಯೇ.

ಇಂಥ ನನ್ನ ಮನೆ ಬಾಗಿಲಿಗೆ ಒಂದು ದಿನ ಮುಂಜಾನೆ, ದೇವದುರ್ಗದ ಮೊದಲ ಬಸ್ಸಿಗೆ, ನನ್ನ ಮಾವ ಬಂದು ನಿಂತರು. ಎಂಬತ್ತರ ದಶಕ ಅರ್ಧ ದಾಟಿದ ಕಾಲ. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರದ ಕೆಲಸ ಭರಾಟೆಯಿಂದ ನಡೆದಿತ್ತು. ನನ್ನ ಗಂಡ ಅಲ್ಲಿ ಒಬ್ಬ ಗುತ್ತಿಗೆದಾರರ ಗೋದಾಮು ನೋಡಿಕೊಳ್ಳುತ್ತಿದ್ದರು, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ನಾವು ರಾಯಚೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ತೀರಿಕೊಂಡ ಮೇಲೆ ಮಾವ ದೇವದುರ್ಗದಲ್ಲಿ ಹಿರಿಯ ಮಗ ಸೊಸೆಯ ಜೊತೆಗೇ ಇದ್ದರು. ಮೊದಲೇ ಒಂದು ಕಾರ್ಡು ಬರೆಯದೆ ಊರು ಬಿಟ್ಟು ಹೊರಟವರಲ್ಲ. ಈಗ ನೋಡಿದರೆ ಬಲಗೈಯಲ್ಲಿ ಚೀಲ, ಎಡಗೈಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾರೆ.

"ಯಾಕ ಯಪ್ಪಾ, ಊರಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಅಂದೆ.

"ಆರಾಮ ಅದಾರವ್ವ. ಸುಮ್ಮ ಬಂದೀನಿ."

ಸುಮ್ಮನೆ ಬರುವ ಮನುಷ್ಯರಲ್ಲ ಅವರು. ದೇವದುರ್ಗದ ಅವರ ಓಣಿಯಲ್ಲಿ ಪೂಜೆ, ಆಚಾರ ಅಂದರೆ ಮಂದಿ ಅವರನ್ನು ಕೇಳಲು ಬರುತ್ತಿದ್ದರು. ನಮ್ಮಲ್ಲಿ ಇಷ್ಟಲಿಂಗವನ್ನು ಅಯ್ಯನವರ, ಅಂದರೆ ಜಂಗಮರ, ಕೈಯಿಂದ ಪಡೆದು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಂಡದ್ದು ಜೀವ ಇರುವ ತನಕ ಮೈಬಿಟ್ಟು ಹೋಗಬಾರದು. ದಿನಾ ಸ್ನಾನವಾದ ಮೇಲೆ ಲಿಂಗವನ್ನು ಎಡ ಅಂಗೈ ಮೇಲಿಟ್ಟು, ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ದಿಟ್ಟಿಸಿ ನೋಡುತ್ತ ಪೂಜೆ. ಆ ಪೂಜೆ ಆಗದೆ ಅನ್ನ ಮುಟ್ಟುವಂತಿಲ್ಲ. ಎಷ್ಟೋ ಮನೆಗಳಲ್ಲಿ ಇದು ಸಡಿಲಾಗಿ ಹೋಗಿತ್ತು, ನನ್ನ ಮಾವನ ಹತ್ತಿರ ಸಡಿಲ ಅನ್ನುವ ಮಾತೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಹೊಸ ಸೊಸೆಯಾಗಿ ಹೋದಾಗ ಒಂದು ದಿನ ಹಸಿವು ತಡೆಯದೆ ಪೂಜೆಗೆ ಮುಂಚೆ ಒಂದು ಹಿಡಿ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಬಾಯಿಗೆ ಹಾಕಿಕೊಂಡಿದ್ದೆ. ಅವರು ನೋಡಿದರು. ಬೈಯಲಿಲ್ಲ, ಆದರೆ ಎಷ್ಟೋ ದಿನ ನನ್ನ ಕೈಯಿಂದ ನೀರು ಸಹ ತೆಗೆದುಕೊಳ್ಳಲಿಲ್ಲ. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಕುಳಿತಿತ್ತು.

ಬಂದ ದಿನವೇ ನನ್ನ ಮೂಗಿಗೆ ವಾಸನೆ ಬಡಿಯಿತು. ದೇವದುರ್ಗದಲ್ಲಿ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಪೂಜೆಗೆ ಕೂಡುತ್ತಿದ್ದವರು ನಮ್ಮ ಮನೆಯಲ್ಲಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೇ ಹೊರಗೆ ಬಂದರು, ಹಣೆ ತುಂಬ ವಿಭೂತಿ. ಬಿಸಿ ರೊಟ್ಟಿ, ಎಣ್ಣೆಗಾಯಿ ತಾಟಿಗೆ ಹಾಕಿ ಇಟ್ಟೆ.

"ಬರೇ ಹಾಲು ಸಾಕವ್ವ. ಹಲ್ಲು ಬ್ಯಾನಿ ಅದ," ಅಂದರು.

ಆ ದಿನ ಹಾಲು, ಮರುದಿನ ಹಾಲು ಬಾಳೆಹಣ್ಣು, ಅದರ ಮರುದಿನವೂ ಅದೇ. ರೊಟ್ಟಿಯೂ ಇಲ್ಲ, ಅನ್ನವೂ ಇಲ್ಲ. ಹಲ್ಲು ನೋವಂತೆ. ಬೆಳಿಗ್ಗೆ ಎದ್ದು ಬೇವಿನ ಕಡ್ಡಿಯನ್ನು ಕಟಕಟ ಅಗಿದು ಹಲ್ಲುಜ್ಜುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿರಲಿಲ್ಲವೇ? ನನಗೆ ಮೈ ಉರಿಯಿತು. ದೇವದುರ್ಗದ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಮೇಲೆ ಇವರ ಕಿವಿ ಊದಿ ಕಳಿಸಿದ್ದಾಳೆ ಅಂದುಕೊಂಡೆ. ಅವಳ ಕೈಯದು ಉಂಡವರು ನನ್ನ ಕೈಯದು ಉಣ್ಣುವುದಿಲ್ಲ ಅಂದರೆ ಬೇರೆ ಏನು ಅರ್ಥ? ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ವಯಸ್ಸಾತು. ಜೀರ್ಣ ಆಗಂಗಿಲ್ಲ. ನಿನಗ ಎಲ್ಲಾದ್ರಾಗೂ ಒಂದು ಕೇಸು ಕಾಣತದ," ಅಂದರು.

ಅದೊಂದು ಮನೆ ಮಾತು ಅಂತ ಬಿಡಬಹುದಿತ್ತು. ಆದರೆ ಬಾಗಿಲು? ಪೂಜೆಗೆ ಬಾಗಿಲು ಹಾಕಿಕೊಳ್ಳುವುದು ಯಾಕೆ? ಮಕ್ಕಳು ಶಾಲೆಗೆ ಹೋದ ಮೇಲೆ ನಾನು ಒಂದು ದಿನ ಕಿವಿಗೊಟ್ಟು ಕೇಳಿದೆ. ಮಂತ್ರದ ಗುಣುಗುಣು ಇಲ್ಲ, ಏನೂ ಇಲ್ಲ. ಒಳಗೆ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ ಅನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಹೊರಗೆ ಬರುವಾಗ ಕರಡಿಗೆ ಕೊರಳಲ್ಲಿ ಎಂದಿನಂತೆ ಹೊಳೆಯುತ್ತಿತ್ತು. ಅವರು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ.

ಕೈಯ ವಿಷಯ ಮೊದಲು ಕಂಡುಹಿಡಿದದ್ದು ನಾನಲ್ಲ, ಪಕ್ಕದ ಮನೆಯ ಸಾಬರ ಹಿರಿಯಾಕೆ, ನಾವೆಲ್ಲ ಖಾಲಾ ಅನ್ನುತ್ತಿದ್ದವರು. ಅವರ ಮನೆಯವರದು ಗಂಜ್ ಹತ್ತಿರ ಖರ್ಜೂರ, ಸಕ್ಕರೆ ಅಂಗಡಿ. ನಮ್ಮ ಎರಡು ಮನೆಯ ನಡುವೆ ಒಂದು ಗಿಡ್ಡ ಗೋಡೆ, ಅದರ ಮೇಲೆಯೇ ನಮ್ಮ ಮಾತುಕತೆ, ಕೊಡುಕೊಳ್ಳುವುದು ಎಲ್ಲ. ಮಾವ ತಂತಿ ಮೇಲಿನ ಅಂಗಿಯನ್ನು ಒಂದೇ ಕೈಯಲ್ಲಿ ಜಗ್ಗಿ ಜಗ್ಗಿ ತೆಗೆಯುವುದನ್ನು ಖಾಲಾ ನೋಡಿದ್ದರು.

"ಬೇಟಿ, ನಿಮ್ಮ ಮಾವಂದು ಎಡಗೈ ಮ್ಯಾಲ ಹೋಗಾಂಗಿಲ್ಲ ನೋಡು," ಅಂದರು. "ನಂದೂ ಹಿಂಗೇ ಇತ್ತು. ಜಡಿ ಹಾಕ್ಕೋಳಾಕ ಆಗ್ತಿದ್ದಿಲ್ಲ, ಸೊಸಿ ಮುಂದ ಕುಂತು ಅಳ್ತಿದ್ದೆ. ಈಗ ಕರೆಂಟ್ ಡಾಕ್ಟರ್ ಕಡೆ ಹೋಗಾಕತ್ತೀನಿ. ಅವರನ್ನೂ ಕರಕೊಂಡು ಬಾ."

ಕರೆಂಟ್ ಡಾಕ್ಟರ್ ಅಂದರೆ ಸ್ಟೇಷನ್ ರಸ್ತೆಯ ಕಡೆ ಒಬ್ಬ ಎಲುಬಿನ ಡಾಕ್ಟರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ಹುಡುಗ. ಫಿಸಿಯೋಥೆರಪಿ ಅನ್ನುವ ಪದ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ಕರೆಂಟು ಕೊಡುತ್ತಾನೆ ಅಂತ ಕರೆಂಟ್ ಡಾಕ್ಟರ್. ನನಗೇನೂ ಮನಸ್ಸಿರಲಿಲ್ಲ, ಮನುಷ್ಯರ ಮೈಗೆ ಕರೆಂಟು ಹಚ್ಚುವುದು ಎಲ್ಲಿಯ ವೈದ್ಯ ಅಂತ. ಆದರೂ ಮಾವನಿಗೆ ಹೇಳಿದೆ. ಜ್ವರ ಬಂದರೆ ಶುಂಠಿ ಕಷಾಯ ಕುಡಿದು ಮಲಗುವ ಮನುಷ್ಯ, ಸೂಜಿ ಅಂದರೆ ಮುಖ ತಿರುಗಿಸುವ ಮನುಷ್ಯ, ನಾನು ಮಾತು ಮುಗಿಸುವ ಮುಂಚೆಯೇ ಎದ್ದು ರುಮಾಲು ಹೆಗಲಿಗೆ ಹಾಕಿಕೊಂಡರು.

"ಎಂದ ಹೋಗೂಣು?" ಅಂದರು.

ಅಷ್ಟು ಬೇಗ ಒಪ್ಪಿದ್ದು ನನಗೆ ಒಂಚೂರೂ ಸರಿಬರಲಿಲ್ಲ.

ಆ ಕೋಣೆಯನ್ನು ಮೊದಲ ಸಲ ನೋಡಿದಾಗ ನಗು ಬಂತು. ಪೊಲೀಸರು ಹಿಡಿದು ತಂದವರಂತೆ ಮುದುಕರು ಮುದುಕಿಯರು ಗೋಡೆಗೆ ಮುಖ ಮಾಡಿ, ಒಂದು ಕೈ ಮೇಲೆತ್ತಿ ನಿಂತಿದ್ದಾರೆ. ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು. ನಿನ್ನೆ ಎಲ್ಲಿಗೆ ಮುಟ್ಟಿದರೋ ಅಲ್ಲಿ ಸೀಸದ ಕಡ್ಡಿಯ ಗೆರೆ. ಒಂದು ಮೂಲೆಯಲ್ಲಿ ಬಾವಿಯ ಗಾಲಿಯಂಥದಕ್ಕೆ ಹಗ್ಗ, ಒಳ್ಳೆಯ ಕೈಯಿಂದ ಜಗ್ಗಿದರೆ ಕೆಟ್ಟ ಕೈ ಮೇಲೇಳಬೇಕು. ಹಸಿರು ಪರದೆಯ ಹಿಂದೆ ಆ ಯಂತ್ರ, ಸಣ್ಣಗೆ ಗುಂಯ್ ಅನ್ನುವುದು. ಮಧ್ಯೆ ಕರೆಂಟು ಹೋದರೆ ಎಲ್ಲರೂ ಶಕ್ತಿನಗರದ ಕಡೆ ಕೈ ಮಾಡಿ ಬೈಯುವರು, ನಮ್ಮ ಮಗ್ಗುಲಲ್ಲೇ ಕರೆಂಟು ಹುಟ್ಟಿಸಿ ಯಾವ ಊರಿಗೆ ಒಯ್ಯುತ್ತಾರೋ ಅಂತ.

ಅಲ್ಲಿ ಒಬ್ಬರಿಗೆ ಒಬ್ಬರ ಮೇಲೆ ನಂಬಿಕೆ ಇರಲಿಲ್ಲ. ಒಬ್ಬ ನಿವೃತ್ತ ಹೆಡ್‌ಮಾಸ್ತರು ತಮ್ಮ ಗೆರೆಯನ್ನು ಯಾರೋ ಕೆಳಗೆ ಎಳೆದಿದ್ದಾರೆ ಅಂತ ದಿನಾ ತಕರಾರು. ಇನ್ನೊಬ್ಬಾಕೆಗೆ ತನಗಿಂತ ಖಾಲಾಗೆ ಜಾಸ್ತಿ ಹೊತ್ತು ಕರೆಂಟು ಕೊಡುತ್ತಾನೆ ಅಂತ ಅನುಮಾನ. ಖಾಲಾಗೆ ಆಕೆಯ ಕೈಗೆ ನೋವೇ ಇಲ್ಲ, ಸೊಸೆಯ ಮುಂದೆ ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಬರುತ್ತಾಳೆ ಅಂತ ಅನುಮಾನ. ನನ್ನ ಬಳಗದವರೇ ಎಲ್ಲ ಒಂದೆಡೆ ಸೇರಿದಂತೆ ಅನಿಸಿ ಸ್ವಲ್ಪ ಹಿತವಾಯಿತು.

ಬೆಂಚಿನ ತುದಿಯಲ್ಲಿ ದೇವದುರ್ಗದ ಮಗ್ಗುಲ ಜಾಲಹಳ್ಳಿಯ ಒಬ್ಬ ದಲಾಲಿ ಅಂಗಡಿಯ ಯಜಮಾನರು ಕುಳಿತಿದ್ದರು. ನಮ್ಮವರೇ. ದೇವದುರ್ಗಕ್ಕೆ ಬಂದಾಗ ಮಾವನ ಕಾಲಿಗೆ ಬೀಳುತ್ತಿದ್ದವರು. ಅವರನ್ನು ಕಂಡ ತಕ್ಷಣ ಮಾವನ ಮುಖ ಬಿಳುಚಿತು. ನಾನು ಅದನ್ನೂ ನೋಡಿಟ್ಟುಕೊಂಡೆ.

ಕರೆಂಟ್ ಡಾಕ್ಟರ್ ಕರ್ನೂಲಿನ ಕಡೆಯ ಹುಡುಗ, ಕನ್ನಡದಲ್ಲಿ ತೆಲುಗು ಎಳೆಯುತ್ತಿತ್ತು. ಮಾವನ ಕೈಯನ್ನು ಹಿಂದೆ ಮುಂದೆ ಆಡಿಸಿ ನೋಡಿದ. ಒಂದು ಹಂತಕ್ಕೆ ಹೋದ ಮೇಲೆ ಮಾವ ತುಟಿ ಕಚ್ಚಿಕೊಂಡರು. "ತಾತಾ, ಕೀಲು ಬಿಗಿದದ. ಬಲಾನೂ ಹೋಗೇದ. ಬಿಗಿದಿದ್ದು ಬಿಡಸ್ತೀನಿ. ಬಲ ನೀವು ತರಬೇಕು," ಅಂದ. ಆಮೇಲೆ ಒಂದು ಅಲ್ಯೂಮಿನಿಯಂ ತಟ್ಟೆ ಮುಂದೆ ಹಿಡಿದ. ಅದರಲ್ಲಿ ಆಗಲೇ ಯಾರದೋ ವಾಚು, ಬೀಗದ ಕೈ ಇದ್ದವು. "ಮೈಮ್ಯಾಲೆ ಬೆಳ್ಳಿ, ಬಂಗಾರ, ಕಬ್ಬಿಣ ಏನೂ ಇರಬಾರದು. ಇದ್ರ ಮಿಷಿನ್ನಿಗೆ ಕಾದು ಮೈ ಸುಡತದ. ಕೊಳ್ಳಾಗಿಂದೂ ತೆಗೀರಿ."

ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾದೆ. ಸ್ನಾನ ಮಾಡುವಾಗಲೂ ಕರಡಿಗೆ ಬಿಚ್ಚಿಡದವರು ಇವರು. ಒಮ್ಮೆ ಊರಲ್ಲಿ ಫೋಟೋದವನು ಸರ ಸ್ವಲ್ಪ ಸರಿಸಿ ಅಂದದ್ದಕ್ಕೆ ಫೋಟೋ ಬೇಡ ಅಂತ ಎದ್ದು ಬಂದವರು. ಈಗ ಈ ಹುಡುಗನ ಜನ್ಮ ಜಾಲಾಡುತ್ತಾರೆ, ಅವರು ಮುಗಿಸಿದ ಮೇಲೆ ಉಳಿದದ್ದನ್ನು ನಾನು ಜಾಲಾಡೋಣ ಅಂತ ಬಾಯಿ ತೆರೆದೇ ನಿಂತಿದ್ದೆ.

ಮಾವ ಬಲಗೈಯಿಂದ ದಾರ ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಆ ತಟ್ಟೆಯಲ್ಲಿ ವಾಚಿನ ಪಕ್ಕಕ್ಕೆ ಇಟ್ಟು, ಪರದೆಯ ಹಿಂದೆ ಹೋದರು.

ಬೇರೆ ಜಾತಿಯವರಿಗೆ ಇದರಲ್ಲಿ ಏನೂ ಕಾಣಲಿಕ್ಕಿಲ್ಲ. ನಮ್ಮವರಿಗೆ ಕಣ್ಣು ಇದ್ದರೆ ಸಾಕು. ಬೆಂಚಿನ ಮೇಲೆ ಜಾಲಹಳ್ಳಿಯ ಯಜಮಾನರಿಗೆ ಕಣ್ಣಿತ್ತು.

"ಏನವ್ವ," ಅಂದರು ಅವರು, ನಿಧಾನಕ್ಕೆ, ಎಲೆ ಅಡಿಕೆ ಒಂದು ದವಡೆಗೆ ತಳ್ಳಿ. "ಹಿರ್ಯಾರು ಲಿಂಗಾ ತಾಟಿನ್ಯಾಗ ಇಟ್ಟು ಹೋದರಲ್ಲ. ನಮಗೆಲ್ಲಾ ಬುದ್ಧಿ ಹೇಳಾವ್ರು."

"ಲಿಂಗಾ ಎಲ್ಲಿ ಇಟ್ಟಾರ್ರಿ," ಅಂದೆ. ಮಾತು ತಾನಾಗಿಯೇ ಬಂತು. "ಲಿಂಗಾ ಬಟ್ಟ್ಯಾಗ ಕಟಗೊಂಡು ಮೈಮ್ಯಾಲ ಇಟಗೊಂಡಾರ. ಅದು ಬರೇ ಬೆಳ್ಳಿ. ಡಾಕ್ಟರು ಬೆಳ್ಳಿ ಬ್ಯಾಡ ಅಂದಾರ, ಲಿಂಗಾ ಬ್ಯಾಡ ಅಂದಿಲ್ಲ."

ಅವರು ಹೌದೇ ಅನ್ನುವಂತೆ ಗೋಣು ಹಾಕಿದರು, ನಂಬಲಿಲ್ಲ. ನಾನು, ಕಳ್ಳರ ಕಾಲ ಅಂತ ಗೊಣಗುತ್ತ ತಟ್ಟೆಯಿಂದ ಕರಡಿಗೆ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡೆ. ಎತ್ತಿದಾಗಲೇ ಗೊತ್ತಾಯಿತು. ಕರಡಿಗೆ ಹಗುರ ಇತ್ತು. ತೆರೆದು ನೋಡುವ ಧೈರ್ಯ ನನಗಿಲ್ಲ, ಇನ್ನೊಬ್ಬರ ಕರಡಿಗೆ ತೆರೆಯುವುದು ನಮ್ಮಲ್ಲಿಲ್ಲ. ಆದರೆ ನನಗೂ ಕೊರಳಲ್ಲಿ ಒಂದಿದೆ, ಲಿಂಗ ಇರುವ ಕರಡಿಗೆಯ ಭಾರ ಎಷ್ಟು ಅಂತ ನನ್ನ ಎದೆಗೆ ಗೊತ್ತು. ಏನು ಅಂತಲೇ ಗೊತ್ತಿಲ್ಲದ ಒಂದು ವಿಷಯಕ್ಕೆ ನಾನು ಸುಳ್ಳು ಹೇಳಿದ್ದೆ, ಅದರ ಸಿಟ್ಟೇ ಎಲ್ಲಕ್ಕಿಂತ ಹೆಚ್ಚಾಯಿತು.

ಜಟಕಾದಲ್ಲಿ ಮನೆಗೆ ಬರುವಾಗ ಕರಡಿಗೆ ಅವರ ಕೈಗಿಟ್ಟೆ, ಕೊರಳಿಗೆ ಹಾಕಿಕೊಂಡರು. ಮರುದಿನ ಅವರು ಬಾಗಿಲು ತೆರೆದು ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ, ನಾನು ಹಾಲಿನ ಲೋಟ ಇಡಲಿಲ್ಲ. ರೊಟ್ಟಿಯ ತಾಟು ಇಟ್ಟು ಎದುರಿಗೆ ನಿಂತೆ.

"ಕರಡಿಗ್ಯಾಗ ಏನದ ಯಪ್ಪಾ?"

ಅವರು ತಾಟು ನೋಡಿದರು, ನನ್ನ ಕಡೆ ನೋಡಲಿಲ್ಲ.

"ನಿನ್ನಿ ನಾ ಮಂದಿ ಮುಂದ ಸುಳ್ಳು ಹೇಳೀನಿ. ಯಾತಕ್ಕ ಹೇಳೀನಿ ಅಂತ ನನಗರ ಗೊತ್ತಾಗಲಿ."

ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ಹೇಳಿದರು. ಕೆಲವು ತಿಂಗಳಿಂದ ಭುಜ ನೋಯುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. "ಅವತ್ತು ಪೂಜಿಗೆ ಕುಂತು ಕೈ ಎತ್ತಿದೆ. ಭುಜದಾಗ ಚಾಕು ಹಾಕಿದಂಗಾತು. ಕೈ ನನ್ನ ಮಾತು ಕೇಳಲಿಲ್ಲವ್ವ. ಹಾಸುಗಲ್ಲಿನ ಮ್ಯಾಲ ಬಿತ್ತು. ಒಡೀತು." ಒಡೆದ ಲಿಂಗವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬರೇ ಹೋಗಿ ಕೃಷ್ಣೆಯಲ್ಲಿ ಬಿಟ್ಟು ಬಂದಿದ್ದರು. ಖಾಲಿ ಕರಡಿಗೆ ಕಟ್ಟಿಕೊಂಡು ಒಂದೆರಡು ದಿನ ಹೇಗೋ ಕಳೆದರು. ಓಣಿಯ ಮಂದಿ ಎಂದಿನ ಹಾಗೆ ಪೂಜೆಯ ವಿಷಯ ಕೇಳಲು ಬಂದು ಕಾಲಿಗೆ ಬೀಳತೊಡಗಿದಾಗ ತಡೆಯಲಾಗದೆ ಬಸ್ಸು ಹತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಒಂದು ಥರ ಸಮಾಧಾನವೇ ಆಯಿತು. ಒಂದು ಹಿಡಿ ಒಗ್ಗರಣೆಗೆ ನನ್ನ ಕೈ ನೀರು ಬಿಟ್ಟವರು, ಈಗ ಬನ್ನಿ ದಾರಿಗೆ ಅಂತ. ಆಮೇಲೆ ಅವರ ಕೊರಳು ಕಂಡಿತು. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಬಂದ ದಿನಕ್ಕೂ ಈ ದಿನಕ್ಕೂ ಮನುಷ್ಯ ಅರ್ಧ ಆಗಿದ್ದರು.

"ಅಯ್ಯನವರ ಕಡೆ ಹೋಗಿ ಇನ್ನೊಂದು ಕಟ್ಟಿಸಿಕೊಂಡ್ರ ಆತಲ್ರಿ. ಅದಕ್ಯಾಕ ಉಪಾಸ?"

"ಯಾವ ಕೈಯಾಗ ಹಿಡೀಲಿ?" ಅಂದರು. "ಇದs ಕೈಯಾಗ? ಮತ್ತ ಬೀಳಸಲಿ? ಕೈ ಕಣ್ಣಿನ ಮಟಾ ಬರಲಿ. ಬಂದ ದಿನ ಕಟ್ಟಿಸ್ಕೋತೀನಿ, ಅವತ್ತು ಉಣ್ತೀನಿ. ಲಿಂಗಿಲ್ಲದ ಮೈಗೆ ಅನ್ನ ಬ್ಯಾಡ."

"ಬರದಿದ್ದರ?"

ಅವರು ರೊಟ್ಟಿಯ ತಾಟನ್ನು ನನ್ನ ಕಡೆ ಸರಿಸಿದರು. ಹಾಲು ತಂದುಕೊಟ್ಟೆ, ಕುಡಿದರು.

ಅವತ್ತಿನಿಂದ ನನಗೆ ಇನ್ನೊಂದು ಥರದ ಅನುಮಾನ ಹತ್ತಿತು. ಇವರು ಬದುಕುತ್ತಾರೋ ಇಲ್ಲವೋ ಅನ್ನುವುದು. ದಿನಾ ಕರೆದುಕೊಂಡು ಹೋಗುತ್ತಿದ್ದೆ. ಒಂದು ತುಂಡು ಬಟ್ಟೆಯಲ್ಲಿ ಲಿಂಗ ಅಂತ ಕಾಣುವ ಹಾಗೆ ಸಣ್ಣದೊಂದು ಅಡಿಕೆ ಗಂಟು ಕಟ್ಟಿ ಅವರ ತೋಳಿಗೆ ಬಿಗಿದು, ಜಾಲಹಳ್ಳಿಯ ಯಜಮಾನರಿಗೆ ಕಾಣುವಂತೆ ಅಂಗಿ ಸ್ವಲ್ಪ ಸರಿಸಿ ಕೂರಿಸುತ್ತಿದ್ದೆ. ಅವರು ಗಂಟು ನೋಡುವರು, ನನ್ನನ್ನು ನೋಡುವರು. ನಾನು ಅವರನ್ನೇ ನೋಡುತ್ತಿದ್ದೆ. ಮಾವ ಗೋಡೆಗೆ ನಿಂತು ಬೆರಳು ಹತ್ತಿಸುತ್ತಿದ್ದರು, ಬೆವರು ವಿಭೂತಿಯನ್ನು ಕಿತ್ತುಕೊಂಡು ಇಳಿಯುತ್ತಿತ್ತು. ಮಿಕ್ಕವರ ಗೆರೆ ಮೇಲೆ ಹೋದವು. ಖಾಲಾ ತಾವೇ ಜಡೆ ಹಾಕಿಕೊಂಡು ಬಂದು ಎಲ್ಲರಿಗೂ ಬೆನ್ನು ತಿರುಗಿಸಿ ತೋರಿಸಿದರು. ಮಾವನ ಗೆರೆ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ನಿಂತದ್ದು ಆ ಹುಡುಗನ ಕಳ್ಳತನ ಅಂತ ನನಗೆ. ಬೇಗ ವಾಸಿ ಮಾಡಿದರೆ ಗಿರಾಕಿ ಹೋಗುತ್ತಾರೆ, ಎಳೆಯುತ್ತಿದ್ದಾನೆ ಅಂತ. ಒಂದು ದಿನ ಹಗ್ಗ ಜಗ್ಗುತ್ತ ಜಗ್ಗುತ್ತ ಮಾವ ಅಲ್ಲೇ ಕುಸಿದು ಕುಳಿತರು. ಹುಡುಗ ನೀರು ಕುಡಿಸಿ, ನಾಡಿ ನೋಡಿ, ನನ್ನನ್ನು ಹೊರಗೆ ಕರೆದ.

"ತಾತ ಏನು ತಿಂತಾರಮ್ಮಾ?"

"ಎಲ್ಲಾ ತಿಂತಾರ," ಅಂದೆ.

"ಸುಳ್ಳು ಹೇಳಬ್ಯಾಡ್ರಿ. ಹೊಟ್ಟಿಗಿಲ್ಲದ ಮನಷ್ಯಾಗ ನಾ ಏನು ಮಾಡಿದ್ರೂ ಬಲ ಬರಂಗಿಲ್ಲ. ನಾಳಿಂದ ಕರಕೊಂಡು ಬರಬ್ಯಾಡ್ರಿ. ಉಪಾಸ ಇರೋರ ಕೈ ನಾ ಜಗ್ಗಂಗಿಲ್ಲ."

ಗಿರಾಕಿಯನ್ನು ತಾನೇ ಬೇಡ ಅನ್ನುವವನು ಎಳೆಯುವವನಲ್ಲ ಅಂತ ಆಗ ಒಪ್ಪಿದೆ. ಕೈ ಕಣ್ಣಿನ ಮಟ್ಟಕ್ಕೆ ಎಂದು ಬರುತ್ತದೆ ಅಂತ ಕೇಳಿದೆ. ವರ್ಷ ಹಿಡಿಯಬಹುದು, ಬರದೆಯೂ ಇರಬಹುದು ಅಂದ. ಆಮೇಲೆ ಒಳಗೆ ಬಂದು, ಮಾವನ ಎಡ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದ. ಎದೆಯ ಹತ್ತಿರ ನಿಂತಿದ್ದ ಕೈ ಗಲ್ಲ ದಾಟಿ, ಮೂಗು ದಾಟಿ, ಕಣ್ಣಿನ ತನಕ ಬಂತು. "ನೋಡ್ರಿ, ಬಿಗಿ ಬಿಟ್ಟದ. ಈಗ ತಾನs ಎತ್ತಾಕ ಬಲ ಇಲ್ಲ, ಅಷ್ಟs," ಅಂದ.

ಮನೆಗೆ ಬಂದವಳು ಒಂದು ಚೀಲಕ್ಕೆ ಎರಡು ಸೀರೆ ತುರುಕಿದೆ. ಅನ್ನ ಇಲ್ಲದೆ ಕೈಗೆ ಬಲವಿಲ್ಲ, ಕೈ ಏಳದೆ ಲಿಂಗವಿಲ್ಲ, ಲಿಂಗವಿಲ್ಲದೆ ಅನ್ನವಿಲ್ಲ. ಈ ಗಂಟನ್ನು ಇವರು ಬಿಚ್ಚುವುದಿಲ್ಲ, ಇವರ ಜೀವ ಹೋಗುತ್ತದೆ. ನಮ್ಮವ್ವನಿಗೆ ಮೈ ಸರಿಯಿಲ್ಲ ಅಂತ ಗಂಡನಿಗೆ ಹೇಳಿ, ಮಕ್ಕಳನ್ನು ಖಾಲಾ ಮನೆಯಲ್ಲಿ ಬಿಟ್ಟು, ಮಾವನನ್ನು ಮಾನ್ವಿಯ ಬಸ್ಸಿಗೆ ಹತ್ತಿಸಿದೆ. ದೇವದುರ್ಗದ ಅಯ್ಯನವರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಮಾನ್ವಿಯಲ್ಲಿ ನಮ್ಮ ತವರಿನ ಅಯ್ಯನವರಿದ್ದರು.

ನನ್ನ ಅವ್ವ ಬಾಗಿಲಲ್ಲೇ ತಡೆದಳು. "ಬೀಗರನ್ನ ಕರಕೊಂಡು ಹೇಳದs ಕೇಳದs ಬಂದೀ. ಗಂಡನ ಜೋಡಿ ಜಗಳೇನು?" ಅಂದಳು. ಇಲ್ಲ ಅಂದೆ. ಅವಳು ನಂಬಲಿಲ್ಲ, ನನ್ನ ಚೀಲ ಮುಟ್ಟಿ ಎಷ್ಟು ಸೀರೆ ತಂದಿದ್ದೇನೆ ಅಂತ ನೋಡಿದಳು.

ಅಯ್ಯನವರ ಮುಂದೆ ಮಾವ ಏನೂ ಮುಚ್ಚಲಿಲ್ಲ, ಎಲ್ಲ ಹೇಳಿದರು. ಆ ಮುದುಕರು ಬಹಳ ಹೊತ್ತು ಇವರ ಮುಖ ಅಳೆದರು. ಎಲ್ಲಿ ಬಿತ್ತು, ಯಾರು ನೋಡಿದರು, ನದಿಗೆ ಬಿಟ್ಟದ್ದು ಖರೆಯೇ ಅಂತ ವಕೀಲರ ಹಾಗೆ ಕೇಳಿದರು. ಕೊನೆಗೆ ಒಪ್ಪಿದರು. ಕೈ ಏಳದೆ ಕಟ್ಟಿಸಿಕೊಳ್ಳಲಾರೆ ಅಂತ ಹಟ ಹಿಡಿದ ಮಾವನಿಗೆ, "ಎತ್ತಿ ನೋಡ್ರಿ ಮೊದಲ. ಎತ್ತಲಾರದs ಹೆಂಗ ಹೇಳ್ತೀರಿ," ಅಂದರು.

ಮಾರನೆಯ ಮುಂಜಾನೆ ಸ್ನಾನ ಮಾಡಿಸಿ ಕೂರಿಸಿ, ವಿಧಿಗಳನ್ನೆಲ್ಲ ಮುಗಿಸಿ, ಹೊಸ ಲಿಂಗವನ್ನು ಮಾವನ ಎಡ ಅಂಗೈ ಮೇಲಿಟ್ಟರು. ಮಾವ ಎತ್ತಿದರು. ಎದೆಯ ಹತ್ತಿರ ಬಂದ ಕೈ ನಿಂತಿತು, ನಡುಗತೊಡಗಿತು. ಬಲಗೈಯನ್ನು ಅದರ ಕೆಳಗೆ ಕೊಟ್ಟರು, ಅದೂ ನಡುಗಿತು. ಉಪವಾಸದ ಮೈಗೆ ಎರಡು ಕೈಯೂ ಒಂದೇ. ಅಂಗೈ ಮೇಲಿನ ಲಿಂಗ ಅಲುಗಾಡಿತು. ಅವರ ಕಣ್ಣಲ್ಲಿ ಆ ಭಯ ನಾನು ಹಿಂದೆ ಎಂದೂ ನೋಡಿರಲಿಲ್ಲ.

ಮದುವೆಯಾಗಿ ಅಷ್ಟು ವರ್ಷ ಆದರೂ ನಾನು ಮಾವನ ಮೈ ಮುಟ್ಟಿದವಳಲ್ಲ. ನಮ್ಮ ಕಡೆ ಸೊಸೆ ಮಾವನ ಎದುರಿಗೆ ತಲೆ ಮೇಲಿನ ಸೆರಗು ಸರಿಸುವುದಿಲ್ಲ, ಅವರು ಕುಳಿತ ಚಾಪೆ ಮೇಲೆ ಕೂಡುವುದಿಲ್ಲ. ಎದ್ದು ಹೋಗಿ ಅವರ ಪಕ್ಕಕ್ಕೆ ಕುಳಿತು, ಮೊಣಕೈ ಕೆಳಗೆ ನನ್ನ ಅಂಗೈ ಕೊಟ್ಟೆ.

"ಅವ್ವಾ, ಹೆಣಮಕ್ಕಳು..." ಅಂದರು ಅಯ್ಯನವರು.

"ನನಗೂ ಲಿಂಗ ಅದರಿ," ಅಂದೆ.

ಅವರು ಸರಿದು ಜಾಗ ಬಿಟ್ಟರು. ನಾನು ಎತ್ತಿದೆ. ಆ ಹುಡುಗ ಎತ್ತಿದ ಹಾಗೆಯೇ, ಮೆಲ್ಲಗೆ. ಮೊಣಕೈ ಬರೀ ಎಲುಬು. ಗಲ್ಲ ದಾಟಿತು, ಮೂಗು ದಾಟಿತು, ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಮಾವ ನೋಡಿದರು. ಎಷ್ಟು ಹೊತ್ತು ನೋಡಿದರೋ, ನನ್ನ ತೋಳು ಸೋತು ಜೋಮು ಹಿಡಿಯಿತು, ಬಿಡಲಿಲ್ಲ.

ಅಂದು ನಮ್ಮ ಅವ್ವನ ಮನೆಯಲ್ಲಿ ಉಂಡರು. ಮೊದಲು ಮೆತ್ತಗೆ ಗಂಜಿ, ಸಂಜೆಗೆ ರೊಟ್ಟಿ, ಪುಂಡಿಪಲ್ಯೆ. ಬಡಿಸಿ ಬಡಿಸಿ ಅವ್ವ ನನ್ನನ್ನು ಅಡುಗೆಮನೆಗೆ ಜಗ್ಗಿದಳು. "ಇವರಿಗೆ ನೀ ಮನ್ಯಾಗ ಉಣ್ಣಾಕ ಹಾಕತೀಯೋ ಇಲ್ಲೋ? ಖರೇ ಹೇಳು," ಅಂದಳು. ನನಗೆ ನಗು ತಡೆಯಲಾಗಲಿಲ್ಲ, ಅದಕ್ಕೆ ಅವಳ ಅನುಮಾನ ಇನ್ನೂ ಬಲವಾಯಿತು.

ಮಾವ ದೇವದುರ್ಗಕ್ಕೆ ಹೋಗಲಿಲ್ಲ, ನಮ್ಮಲ್ಲೇ ಉಳಿದರು. ದಿನಾ ಪೂಜೆಗೆ ಕೂತು, "ಯವ್ವಾ, ಬಾ," ಅಂತ ಕರೆಯುತ್ತಿದ್ದರು. ನಾನು ಕೈ ತೊಳೆದುಕೊಂಡು ಹೋಗಿ ಮೊಣಕೈ ಹಿಡಿಯುತ್ತಿದ್ದೆ. ಕರೆಂಟ್ ಡಾಕ್ಟರ್ ಮತ್ತೆ ಸೇರಿಸಿಕೊಂಡ. ಆದರೆ ಊರಲ್ಲಿ ಮಾತು ಹುಟ್ಟಿತು. ಹೊಲ ಬರೆಸಿಕೊಳ್ಳಲಿಕ್ಕೆ ಮುದುಕನನ್ನು ಇಟ್ಟುಕೊಂಡಿದ್ದಾಳೆ ಅಂತ ನೆಗೆಣ್ಣಿ ಹೇಳಿದಳು. ಒಂದು ಸಲ ಬಂದು, ಒಳಕೋಣೆಯಲ್ಲಿ ದಿನಾ ಅಷ್ಟು ಹೊತ್ತು ಮಾವ ಸೊಸೆ ಏನು ಮಾತಾಡುತ್ತೀರಿ ಅಂತ ಕೇಳಿಯೂ ಕೇಳಿದಳು. ಬೇರೆಯವರ ಮೇಲೆ ಅನುಮಾನಪಡುವುದು ಸುಲಭ, ಅದರ ಕೆಳಗೆ ತಾನೇ ಕೂಡುವುದು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು. ನಾನು ಬಾಯಿ ಬಿಡಲಿಲ್ಲ. ಲಿಂಗ ಬಿದ್ದ ಮಾತು ಅವರದು, ಹೇಳುವುದಿದ್ದರೆ ಅವರು ಹೇಳಬೇಕು. ಅವರು ಹೇಳಲಿಲ್ಲ.

ಎಷ್ಟೋ ಕಾಲದ ಮೇಲೆ, ಒಂದು ಮಧ್ಯಾಹ್ನ, ಹಿತ್ತಲಿನ ಕಿಟಕಿಯಿಂದ ನೋಡುತ್ತೇನೆ, ಮಾವ ತಂತಿಯ ಮೇಲಿನ ಧೋತರ ತೆಗೆಯುತ್ತಿದ್ದಾರೆ. ಎಡಗೈಯಿಂದ. ಕೈ ತಲೆಯ ಮೇಲೆ ನೆಟ್ಟಗೆ ಹೋಗಿದೆ, ನಡುಕವಿಲ್ಲ. ಧೋತರ ಮಡಚಿ ಹೆಗಲಿಗೆ ಹಾಕಿಕೊಂಡು ಅತ್ತಿತ್ತ ನೋಡಿ ಒಳಗೆ ಬಂದರು. ನಾನು ಒಲೆಯ ಕಡೆ ತಿರುಗಿದೆ. ಮರುದಿನ ಮುಂಜಾನೆ ಒಳಕೋಣೆಯಿಂದ ದನಿ ಬಂತು, "ಯವ್ವಾ, ಬಾ." ನನ್ನ ಜೀವಮಾನದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಹೋಗಿ ಮೊಣಕೈ ಹಿಡಿದೆ. ಕೈ ನನ್ನ ಅಂಗೈಗೆ ಭಾರವೇ ಇರಲಿಲ್ಲ. ಇಬ್ಬರೂ ಹಾಗೇ ವರ್ಷಗಟ್ಟಲೆ ನಡೆಸಿದೆವು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಾವ ಏಳಲಿಲ್ಲ. ದೇವದುರ್ಗಕ್ಕೆ ಒಯ್ದೆವು. ನಮ್ಮಲ್ಲಿ ತೀರಿಹೋದವರನ್ನು ಕೂರಿಸಿ, ಎಡ ಅಂಗೈ ಮೇಲೆ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಓಣಿ ಎಲ್ಲ ನೆರೆದಿತ್ತು. ನೆಗೆಣ್ಣಿ ನನ್ನ ಸೆರಗಿನಲ್ಲಿ ಏನಾದರೂ ಹೊಲದ ಕಾಗದ ಇದೆಯೋ ಅನ್ನುವಂತೆ ನನ್ನನ್ನೇ ನೋಡುತ್ತಿದ್ದಳು. ಅಲ್ಲಿನ ಅಯ್ಯನವರು ಬಂದು, ಗಡಿಬಿಡಿಯಲ್ಲಿ, ಮಾವನ ಎಡಗೈ ಹಿಡಿದು ಒಮ್ಮೆಲೇ ಮೇಲಕ್ಕೆ ಜಗ್ಗಿದರು. ನಾನು ಗಂಡಸರ ನಡುವೆ ನುಗ್ಗಿ ಹೋಗಿ ಅವರ ಕೈ ಸರಿಸಿ, ಮೊಣಕೈ ಕೆಳಗೆ ಅಂಗೈ ಕೊಟ್ಟೆ.

"ಸಾವಕಾಶ ಎತ್ತರಿ," ಅಂದೆ. "ಅದು ಬ್ಯಾನಿ ಕೈ."